ಗಡ್ಡದ ಹೇಂಟೆ ಮತ್ತು ನಮ್ಮ ಸಂಘದ ಅಧ್ಯಕ್ಷರು

ನನ್ನ ಅಜ್ಜ ಬಂಟ್ವಾಳದ ಕಡೆ ಪಂಚಾಯಿತಿಕೆಗೆ ಕೂತರೆ ಎರಡೂ ಪಕ್ಷದವರು ಅವರ ಮಾತಿಗೆ ಸಾಕ್ಷಿ ಕೇಳುತ್ತಿರಲಿಲ್ಲ. ನನ್ನ ತಂದೆ ಹೈಸ್ಕೂಲಿನ ಹೆಡ್‌ಮಾಸ್ತರರು. ಅವರು ಗಂಟೆ ಹೊಡೆಸಿದ ಮೇಲೆಯೇ ಪೇಟೆಯವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ನಾನು ಒಂದನೆಯ ತರಗತಿಯಿಂದ ಡಿಗ್ರಿಯ ತನಕ ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರುಗಳು ನಮಗೆ ಮೂರು ವಿಷಯ ಕಲಿಸಿದರು: ಬೆನ್ನು ನೆಟ್ಟಗಿಟ್ಟು ಕೂರುವುದು, ಬಟ್ಟೆಯ ಅಂಚನ್ನು ಸಣ್ಣ ಹೊಲಿಗೆಯಲ್ಲಿ ಮಡಚುವುದು, ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳುವುದು. ಮೂರನ್ನೂ ನಾನು ಈ ತನಕ ಬಿಟ್ಟಿಲ್ಲ.

ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ನೆಟ್ಟಗೆ ಬದುಕುವವರನ್ನೇ ಹುಡುಕಿಕೊಂಡು ಸೊಟ್ಟ ಪ್ರಸಂಗಗಳು ಬರುತ್ತವೆ, ಮಸ್ಕತ್ತಿಗೆ ಬಂದರೂ ಬರುತ್ತವೆ. ಓದುವವರಿಗೆ ನಗು ಬರಬಹುದು. ನನಗೆ ಬಂದಿಲ್ಲ.

ಎದೆಯ ವಿಷಯ

ನಮ್ಮ ಯಜಮಾನರ ಕಫೀಲರಿಗೆ, ಅಂದರೆ ವೀಸಾ ಕೊಟ್ಟ ಒಮಾನಿ ಧಣಿಗೆ, ಮಸ್ಕತ್ತಿನ ಹೊರಗೆ ಬರ್ಕಾದಲ್ಲಿ ಖರ್ಜೂರದ ತೋಟವುಂಟು. ಅವರನ್ನು ನಾವೆಲ್ಲ ಅರಬಾಬ್ ಎನ್ನುತ್ತೇವೆ. ವಯಸ್ಸಾದ, ಮಾತು ಕಡಿಮೆಯ ಮನುಷ್ಯ. ಹಿಂದೆ ಅವರು ಟರ್ಕಿ ಕೋಳಿ ಸಾಕಿದ್ದರು. ಒಂದು ಮಳೆಗೆ ವಾದಿಯಲ್ಲಿ, ಇಲ್ಲಿನ ಒಣಹಳ್ಳದಲ್ಲಿ, ನೀರು ಬಂದು ಬೇಲಿ ಕೊಚ್ಚಿಹೋಯಿತು. ಕೋಳಿಗಳು ತೋಟದೊಳಗೆ ಚೆದುರಿ, ಮರದ ಮೇಲೆ ಮಲಗಲು ಕಲಿತು, ತಮ್ಮಷ್ಟಕ್ಕೆ ಮರಿ ಮಾಡಿ ಪೂರ್ತಿ ಕಾಡುಕೋಳಿಗಳಾದವು. ಆಡುಗಳಿಗೆಂದು ಬೆಳೆಸಿದ ಹಸಿರು ಮೇವನ್ನೆಲ್ಲ ತಿಂದು ಮುಗಿಸತೊಡಗಿದವು. "ಹಿಡಿದವರು ಕೊಂಡುಹೋಗಿ" ಎಂದರು ಅರಬಾಬ್. ಅಷ್ಟು ಸಾಕಾಯಿತು. ಮಸ್ಕತ್ತಿನಲ್ಲಿರುವ ನಮ್ಮೂರವರ ಸಂಘದ ಗಂಡಸರು ಪ್ರತಿ ಶುಕ್ರವಾರ ಅಲ್ಲಿಗೆ ಬೇಟೆಗೆ ಹೊರಟರು. ಕೋವಿ ಇಲ್ಲ, ನಾಯಿ ಇಲ್ಲ. ಈರುಳ್ಳಿ ಚೀಲ, ಬೆಡ್‌ಶೀಟು ಮತ್ತು ಅಧ್ಯಕ್ಷರ ಭಾಷಣ.

ಮೊದಲ ಶುಕ್ರವಾರವೇ ನಾನು ಅದನ್ನು ನೋಡಿದೆ. ಟೊಮೆಟೊ ಸಾಲಿನ ಹಿಂದಿನಿಂದ ಕಂದು ಬಣ್ಣದ ಒಂದು ಹೇಂಟೆ ಎದ್ದು ಬಂತು. ಎದೆಯ ನಡುವಿನಿಂದ ಕುದುರೆಯ ಬಾಲದಂಥ ಕಪ್ಪು ಕೂದಲ ಗೊಂಚಲು ಜೋಲುತ್ತಿತ್ತು. ಟರ್ಕಿ ಹುಂಜಕ್ಕೆ ಇರುವಂಥ ಗಡ್ಡ. ಆದರೆ ಅದು ಎದ್ದ ಜಾಗದಲ್ಲಿ ಚುಕ್ಕೆ ಚುಕ್ಕೆಯ ಬೆಚ್ಚಗಿನ ಮೊಟ್ಟೆ ಇತ್ತು. ಮೊಟ್ಟೆ ಹಿಡಿದುಕೊಂಡೇ ಬಂದು ಹೇಳಿದೆ.

ಅಧ್ಯಕ್ಷರು ನಮ್ಮೂರಿನ ಕಡೆಯ ಕೋಳಿ ಅಂಕದ ಪಂಡಿತರು. ಅವರಷ್ಟು ಕೋಳಿ ನೋಡಿದವರು ಒಮಾನಿನಲ್ಲೇ ಇಲ್ಲವೆಂದು ಅವರೇ ಹೇಳುತ್ತಾರೆ. "ಅಕ್ಕ, ಗಡ್ಡ ಇದ್ರೆ ಅದು ಹುಂಜ. ಮೊಟ್ಟೆ ಬಾತುಕೋಳಿದ್ದು. ನಿಮ್ಮ ಕಾನ್ವೆಂಟಲ್ಲಿ ಕೋಳಿ ಪಾಠ ಇರ್ಲಿಲ್ಲ ಅಂತ ಕಾಣ್ತದೆ" ಎಂದರು. ಎಲ್ಲರೂ ನಕ್ಕರು.

ಯಜಮಾನರು ನನ್ನ ಪಕ್ಕದಲ್ಲೇ ಇದ್ದವರು. "ನೀವೂ ನೋಡಿದಿರಲ್ಲ, ಹೇಳಿ" ಎಂದೆ.

"ನೋಡಿದೆ. ಆದ್ರೆ ಹೆಣ್ಣು ಅಂತ ನೀನೇ ಹೇಳ್ತಿ. ಪರಸ್ತ್ರೀಯ ಎದೆ ನಾನ್ಯಾಕೆ ನೋಡ್ಲಿ, ಮಾರಾಯ್ತಿ?"

ದಿಕ್ಕು

ಮರುವಾರ ಬೇಟೆಗೆ ಬಿಳಿ ಹುಂಜವೊಂದನ್ನು ಗುರುತು ಮಾಡಿದ್ದರು. ಮೈಯೆಲ್ಲ ಬಿಳಿ, ಗರಿಯ ತುದಿಗೆ ಮಾತ್ರ ಹೊಗೆ ಹಿಡಿದಂಥ ಗೆರೆ. ಚಂದದ ಹಕ್ಕಿ, ಅದನ್ನು ಒಪ್ಪುತ್ತೇನೆ. ಅಧ್ಯಕ್ಷರು ಮೊಬೈಲಿನಲ್ಲಿ ಕುಕ್ಕುಟ ಪಂಚಾಂಗ ತೆರೆದರು. ಯಾವ ದಿನ ಯಾವ ಬಣ್ಣದ ಅಂಕದ ಕೋಳಿಗೆ ಗೆಲುವು, ಯಾವ ದಿಕ್ಕಿಗೆ ಮುಖ ಮಾಡಿ ಬಿಡಬೇಕು ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಅಮೆರಿಕ ಮೂಲದ ಟರ್ಕಿ ಕೋಳಿಗೆ ತುಳುನಾಡಿನ ಪಂಚಾಂಗ!

"ಇವತ್ತು ಬೊಳ್ಳೆಗೆ, ಬಿಳಿ ಕೋಳಿಗೆ, ಬಲ ಉಂಟು. ಅದನ್ನು ಮುರೀಬೇಕಾದ್ರೆ ನಾವು ಮೂಡಕ್ಕೆ ಮುಖ ಮಾಡಿ ನಿಲ್ಬೇಕು" ಎಂದರು.

ಬೆಳಗಿನ ಹೊತ್ತು. ಮೂಡಕ್ಕೆ ಮುಖ ಮಾಡಿದರೆ ಸೂರ್ಯ ಕಣ್ಣೊಳಗೆ. ಓದು ಬಲ್ಲ ಗಂಡಸರು, ಕೆಲವರು ಬ್ಯಾಂಕಿನವರು, ಸಾಲಾಗಿ ನಿಂತು ಕಣ್ಣು ಕಿರಿದು ಮಾಡಿ ಚೀಲ ಹಿಡಿದರು. ಹುಂಜ ಅವರ ಬೆನ್ನ ಹಿಂದಿನಿಂದ ನಡೆದುಬಂದು, ಸಾಲಿನ ಕೊನೆಯಲ್ಲಿ ತಾನೂ ನಿಂತು, ಇವರೆಲ್ಲ ಏನು ನೋಡುತ್ತಿದ್ದಾರೆಂದು ಕುತ್ತಿಗೆ ಚಾಚಿ ನೋಡಿತು. ಮರದ ಕೆಳಗೆ ಕಾವಾ ಕುಡಿಯುತ್ತಿದ್ದ ಅರಬಾಬ್ ನನ್ನನ್ನು ಕೇಳಿದರು: "ಇಲ್ಲಿ ಯಾರು ಯಾರನ್ನು ಹಿಡಿಯುವುದು?"

ಆಮೇಲೆ ಯಾರೋ ಕೂಗಿದರು, ಅಧ್ಯಕ್ಷರು ತಿರುಗಿದರು. ಹುಂಜ ಅವರ ಮೊಣಕಾಲಿಗೆ ರೆಕ್ಕೆ ಬೀಸಿತು. ಅವರು ನೀರಿನ ಕಾಲುವೆಯೊಳಗೆ ಮಲಗಿದರು. ಎಬ್ಬಿಸಿದಾಗ ಮೂಗಿನಿಂದ ನೀರು ಸುರಿಯುತ್ತಿತ್ತು. ಆದರೂ ಮುಖದಲ್ಲಿ ಗೆಲುವು.

"ನೋಡಿದ್ರಾ? ಬೊಳ್ಳೆಯೇ ಗೆದ್ದದ್ದು. ಶಾಸ್ತ್ರ ಸುಳ್ಳಾಗ್ಲಿಲ್ಲ!"

ಸಾಕ್ಷಿ

ಬೇಟೆಗೆ ಬಲೆ ಒದಗಿಸುತ್ತಿದ್ದವರು ಅಲ್ ಮವಾಲೇಹ್ ತರಕಾರಿ ಮಾರ್ಕೆಟಿನ ಬ್ಯಾರಿ ಸಾಹೇಬರು. ನಮ್ಮ ಮನೆಗೂ ಅಲ್ಲಿಂದಲೇ ತರಕಾರಿ. ಒಂದು ಶುಕ್ರವಾರ ಅವರೂ ನಾನೂ ಬಲೆ ಮಡಚುತ್ತಿದ್ದಾಗ ಆ ಹೇಂಟೆ ಹತ್ತಿರವೇ ಬಂದು ನಿಂತಿತು. ಗಡ್ಡ ಗಾಳಿಗೆ ಅಲ್ಲಾಡುತ್ತಿತ್ತು. ನಾನು ಫೋಟೋ ತೆಗೆದೆ. ಗಡ್ಡದ ಒಂದೊಂದು ಕೂದಲೂ ಲೆಕ್ಕಕ್ಕೆ ಸಿಗುವಷ್ಟು ಸ್ಪಷ್ಟ.

ಅಧ್ಯಕ್ಷರು ಫೋಟೋ ನೋಡಿ, "ಗಡ್ಡ ಉಂಟು, ಒಪ್ಪಿದೆ. ಹಾಗಾದ್ರೆ ಇದು ಹುಂಜವೇ. ಮೊಟ್ಟೆ ಎಲ್ಲುಂಟು?" ಎಂದರು.

"ಮೊಟ್ಟೆ ಅವತ್ತೇ ತಂದು ತೋರಿಸಿದ್ದೇನಲ್ಲ."

"ಅವತ್ತು ಗಡ್ಡ ಇರ್ಲಿಲ್ಲ. ಇವತ್ತು ಮೊಟ್ಟೆ ಇಲ್ಲ. ಎರಡೂ ಒಟ್ಟಿಗೆ ತೋರ್ಸಿ ಅಕ್ಕ, ನಿಮ್ಮ ಕಾಲಿಗೆ ಬೀಳ್ತೇನೆ."

ನಾನು ಸಾಹೇಬರ ಕಡೆ ತಿರುಗಿದೆ. "ನೀವು ಹೇಳಿ. ಅದರ ತಲೆ ಸಣ್ಣದು, ನಡಿಗೆ ಹೇಂಟೆಯದು. ನೋಡಲಿಲ್ಲವೇ?"

ಅವರು ಬಲೆಯ ಗಂಟನ್ನು ಬಹಳ ಹೊತ್ತು ಬಿಡಿಸಿದರು. ಅಧ್ಯಕ್ಷರು ದೂರ ಹೋದ ಮೇಲೆ ಬಗ್ಗಿ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: "ಅಕ್ಕ, ನಾನು ನೋಡಿದ್ದೇನೆ. ಆದ್ರೆ ಸಂಘದ ಊಟದ ತರಕಾರಿ ಆರ್ಡರ್ ಮುಗಿಯುವ ತನಕ ನೋಡ್ಲಿಲ್ಲ."

ವೇದಿಕೆ

ನಾನು ಇಷ್ಟಕ್ಕೆ ಬಿಡುತ್ತಿದ್ದೆ. ಅವರು ಬಿಡಲಿಲ್ಲ. ಸಂಘದ ವಾರ್ಷಿಕೋತ್ಸವದಲ್ಲಿ ಅಧ್ಯಕ್ಷರೇ ಒಂದು ಪ್ರಹಸನ ಆಡಿದರು. ಪಿಸ್ತಾ ಹಸಿರಿನ ಸೀರೆ, ನನ್ನದೇ ಮಾದರಿಯ ಕನ್ನಡಕ, ನೆಟ್ಟಗಿನ ಬೆನ್ನು, ಗಲ್ಲಕ್ಕೆ ಅಂಟುಗಡ್ಡ. ನನ್ನಲ್ಲಿರುವಂಥದೇ ಸೀರೆಯನ್ನು ಎಲ್ಲಿಂದ ಹುಡುಕಿ ತಂದರೋ ಎಂದು ಆಗ ಯೋಚಿಸಿದೆ. ಪ್ಲಾಸ್ಟಿಕ್ ಮೊಟ್ಟೆ ಹಿಡಿದು ಕಾನ್ವೆಂಟ್ ಇಂಗ್ಲಿಷಿನಲ್ಲಿ ಕೊಕ್ಕೊಕ್ಕೋ ಎಂದರು. ಕೊನೆಗೆ ಮೈಕಿನಲ್ಲಿ, ಹಾಲ್ ತುಂಬ ಜನರ ಎದುರು ಹೇಳಿದರು: "ಬಂಧುಗಳೇ, ಹೇಂಟೆಗೆ ಗಡ್ಡ ಬರುವುದಿಲ್ಲ. ಸುಳ್ಳಿಗೆ ಬರ್ತದೆ!"

ನಮ್ಮ ಮನೆತನದವರ ಮಾತನ್ನು ಸುಳ್ಳೆಂದು ಮೈಕಿನಲ್ಲಿ ಹೇಳಿದವರು ಅವರೇ ಮೊದಲು. ಮಗಳು, "ಮಮ್ಮಾ, ಇಟ್ಸ್ ಜಸ್ಟ್ ಕಾಮಿಡಿ" ಎಂದಳು. ಯಜಮಾನರು ನಗಲಿಲ್ಲ ಎಂದು ಆಣೆ ಹಾಕಿದರು. ಆಮೇಲೆ ವಾಟ್ಸಾಪಿನಲ್ಲಿ ವಿಡಿಯೋ ಬಂತು. ಎರಡನೆಯ ಸಾಲಿನಲ್ಲಿ ಹೊಟ್ಟೆ ಹಿಡಿದುಕೊಂಡು ಬಾಗಿದವರು ಅವರೇ.

ಆ ವಾರವಿಡೀ ನಮ್ಮ ಮನೆಯಲ್ಲಿ ಕೋಳಿ ಸಾರು ಇರಲಿಲ್ಲ. ಸಾರೂ ಇರಲಿಲ್ಲ.

ಗಡ್ಡ ಮತ್ತು ಮೊಟ್ಟೆ

ಪ್ರಹಸನ ಮುಗಿಸಿದ ಅಧ್ಯಕ್ಷರು ರಜೆಗೆ ಊರಿಗೆ ಹೋದರು. ಹೋಗುವಾಗ ಕಾರನ್ನು ಅರಬಾಬರ ತೋಟದ ಶೆಡ್ಡಿನ ಮಾಡಿನಡಿ ನಿಲ್ಲಿಸಿದರು, ನೆರಳು ಧರ್ಮಕ್ಕೆ ಸಿಗುತ್ತದಲ್ಲ. ಅದರ ಡಿಕ್ಕಿ ಬಾಗಿಲಿನ ಗಾಜು ಒಡೆದಿತ್ತು. ಘಾಲಾದ ಗ್ಯಾರೇಜಿಗೆ ಕೊಡುವ ಬದಲು ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಪ್ರಹಸನದ ಬಟ್ಟೆಬರೆಗಳು ಡಿಕ್ಕಿಯಲ್ಲೇ ಬಿದ್ದಿದ್ದವು.

ಅವರು ವಾಪಸು ಬಂದ ಶುಕ್ರವಾರ ಎಲ್ಲರೂ ತೋಟದಲ್ಲಿದ್ದೆವು. ಕಾರಿನ ಪ್ಲಾಸ್ಟಿಕ್ ಹರಿದು ನೇತಾಡುತ್ತಿತ್ತು. ಅಧ್ಯಕ್ಷರು ಡಿಕ್ಕಿ ಎತ್ತಿದರು. ಒಳಗಿನಿಂದ ಹಾವಿನ ಹಾಗೆ ಬುಸ್ ಎಂದಿತು. ಅಧ್ಯಕ್ಷರು ಹಿಂದಕ್ಕೆ ಹಾರಿದರು.

ಹೇಂಟೆ ಕಾವಿಗೆ ಕೂತಿತ್ತು. ಪಿಸ್ತಾ ಹಸಿರಿನ ಸೀರೆಯನ್ನು ಒಪ್ಪವಾಗಿ ಸುತ್ತ ಮಾಡಿಕೊಂಡು, ನಡುವೆ ತಾನು. ಸಿಟ್ಟಿನಲ್ಲಿ ಅರ್ಧ ಎದ್ದು ನಿಂತಾಗ ಕೆಳಗೆ ಚುಕ್ಕೆಯ ಮೊಟ್ಟೆಗಳ ರಾಶಿ ಕಂಡಿತು. ಮೊಟ್ಟೆಗಳ ಮೇಲೆ, ಎದೆಯಿಂದ ಜೋತು, ಗಡ್ಡ. ಅಂಟುಗಡ್ಡ ಬೇರೆ ಪಕ್ಕದಲ್ಲಿ ಬಿದ್ದಿತ್ತು, ಹೋಲಿಸಿ ನೋಡಲು ಅನುಕೂಲವಾಗುವಂತೆ.

ಬ್ಯಾರಿ ಸಾಹೇಬರು ಮುಂದೆ ಬಂದು ಬಗ್ಗಿ ನೋಡಿ ಗಟ್ಟಿಯಾಗಿ ಹೇಳಿದರು: "ಅಕ್ಕ, ಈಗ ನೋಡಿದೆ."

ನಾನು ಅಧ್ಯಕ್ಷರನ್ನು ನೋಡಿದೆ. ಅವರು ಗಂಟಲು ಸರಿ ಮಾಡಿಕೊಂಡರು. "ಮೊಟ್ಟೆಯ ಮೇಲೆ ಕೂತ ಮಾತ್ರಕ್ಕೆ ಹೆಣ್ಣು ಅಂತ ಹೇಳ್ಲಿಕ್ಕಾಗುದಿಲ್ಲ, ಅಕ್ಕ. ಕಾಲ ಬದಲಾಗಿದೆ" ಎಂದು ಹೇಂಟೆಯನ್ನು ಎಬ್ಬಿಸಲು ಕೈ ಚಾಚಿದರು. ಹೇಂಟೆ ಹೆಬ್ಬೆರಳಿಗೆ ಕುಕ್ಕಿತು. ಅಷ್ಟರಲ್ಲಿ ಅರಬಾಬ್ ಕೋಲೂರಿಕೊಂಡು ಬಂದರು.

"ಕಾವಿಗೆ ಕೂತ ಹಕ್ಕಿಯನ್ನು ನನ್ನ ತೋಟದಲ್ಲಿ ಯಾರೂ ಎಬ್ಬಿಸುವುದಿಲ್ಲ. ಮರಿ ಆಗುವ ತನಕ ಗಾಡಿ ಇಲ್ಲೇ. ಖಲಾಸ್."

"ಅರಬಾಬ್, ನಾಳೆಯಿಂದ ನಂಗೆ ಡ್ಯೂಟಿ ಉಂಟು!"

"ಅವಳಿಗೂ ಉಂಟು" ಎಂದರು ಅರಬಾಬ್.

ಅಧ್ಯಕ್ಷರು ಸಾಹೇಬರ ಪಿಕಪ್‌ನಲ್ಲಿ, ತೊಡೆಯ ಮೇಲೆ ಹೂಕೋಸಿನ ಪೆಟ್ಟಿಗೆ ಇಟ್ಟುಕೊಂಡು ಮನೆಗೆ ಹೋದರು.

ನಾನು ಹೊರಡುವ ಮೊದಲು ಇನ್ನೊಮ್ಮೆ ಡಿಕ್ಕಿಯೊಳಗೆ ಬಗ್ಗಿದೆ. ಹೇಂಟೆ ನನಗೆ ಬುಸ್ ಎನ್ನಲಿಲ್ಲ. ಸೀರೆಯ ಅಂಚು ನನ್ನ ಕಡೆಗೇ ಇತ್ತು. ಅದರ ಫಾಲ್ ಹೊಲಿದ ಹೊಲಿಗೆ ಸಣ್ಣದು, ಒತ್ತಾದದ್ದು, ಹೊರಗೆ ಕಾಣದ್ದು. ಮಸ್ಕತ್ತಿನ ಯಾವ ದರ್ಜಿಯೂ ಹಾಗೆ ಹೊಲಿಯುವುದಿಲ್ಲ. ಸಿಸ್ಟರು ಕಲಿಸಿದ ಹೊಲಿಗೆ. ನನ್ನ ಕೈಯದು. ನನ್ನ ಸೀರೆ, ನನ್ನ ಕಪಾಟಿನದು.

ತಿರುಗಿ ನೋಡಿದೆ. ಯಜಮಾನರು ಖರ್ಜೂರದ ಮರದ ತುದಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಅಧ್ಯಕ್ಷರು ಒಂದೇ ದಿನಕ್ಕೆ ಅಂತ ಕೇಳಿದ್ದು, ಮಾರಾಯ್ತಿ" ಎಂದರು. "ಕೋಳಿ ಕೂರ್ತದೆ ಅಂತ ನಂಗೇನು ಗೊತ್ತು?"

ಹೇಂಟೆ ಈಗಲೂ ಕೂತಿದೆ. ನೋಡಬೇಕೆಂದಿರುವವರು ಬರ್ಕಾಕ್ಕೆ ಹೋಗಿ ನೋಡಬಹುದು. ಅಧ್ಯಕ್ಷರು ಕಾಲಿಗೆ ಬೀಳುವುದು ಬೇಡ, ಅದನ್ನು ನಮ್ಮ ಮನೆಯಲ್ಲಿ ಯಾರೂ ಯಾರಿಂದಲೂ ಕೇಳಿದವರಲ್ಲ. ಅದೇ ಹಾಲ್, ಅದೇ ಮೈಕು, ಪ್ಯಾಂಟು ಶರ್ಟಿನಲ್ಲಿ ಬಂದು ಹೇಳಲಿ. ಯಜಮಾನರು ಮನೆಯಲ್ಲೇ ಹೇಳಿದರೆ ಸಾಕು, ನಿಂತುಕೊಂಡು.

ಇಬ್ಬರೂ ನನ್ನ ಕ್ಷಮೆ ಕೇಳಬೇಕು.