ಏಳನೇ ನಂಬರಿನ ಮನೆಗೆ ಬೆಲೆ ಕಟ್ಟಿದ ಯಂತ್ರಕ್ಕೆ

ಮಾನ್ಯ ಅಂದಾಜು ಯಂತ್ರ ಮಹಾಶಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮಗೆ ಮಂಡಿಯೂ ಇಲ್ಲ, ನೆರೆಮನೆಯವರೂ ಇಲ್ಲವಾದ್ದರಿಂದ ಕ್ಷೇಮವಾಗಿರದೆ ತಮಗೆ ಬೇರೆ ದಾರಿಯೂ ಇಲ್ಲ. ಒಂದು ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷ ಕರಡು ತಿದ್ದಿ ನಿವೃತ್ತನಾದ ನಾನು, ನಮ್ಮ ಬೀದಿಯ ಒಂಬತ್ತು ಸಾಲುಮನೆಗಳಲ್ಲಿ ಮೊನ್ನೆಮೊನ್ನೆಯವರೆಗೂ ಏಳನೆಯದರ ಮಾಲೀಕ. ಮನೆಗಳ ಬೆಲೆ ಹೇಳುವ ತಮ್ಮ ಜಾಲತಾಣದಲ್ಲಿ ಆ ಮನೆಗೆ ಸಂಬಂಧಿಸಿದಂತೆ ನುಸುಳಿರುವ ಒಂದು ಸಣ್ಣ ಲೋಪವನ್ನು, ತಮ್ಮ ಘನತೆಗೆ ಎಳ್ಳಷ್ಟೂ ಕುಂದು ಬಾರದಂತೆ, ತಮ್ಮ ಗಮನಕ್ಕೆ ತರುವ ಸಲುವಾಗಿ ಈ ಬಹಿರಂಗ ಪತ್ರ.

ಮೊದಲಿಗೆ ಅಭಿನಂದನೆ. ಒಮ್ಮೆಯೂ ನಮ್ಮ ಹೊಸಿಲು ದಾಟದೆ, ಗೋಡೆಯನ್ನು ಮುಟ್ಟಿ ನೋಡದೆ, ನಲ್ಲಿ ತಿರುಗಿಸದೆ, ತಾವು ನಮ್ಮ ಮನೆಯ ಬೆಲೆಯನ್ನು ಕೊನೆಯ ಅಂಕಿಯವರೆಗೆ ಬಲ್ಲಿರಿ. 'ಮಾರಾಟದ ಇತಿಹಾಸ' ಎಂಬ ತಲೆಬರಹದ ಕೆಳಗೆ ಈ ಮನೆಯ ಎಪ್ಪತ್ತು ವರ್ಷಗಳನ್ನು ಮೂರೇ ಸಾಲಿನಲ್ಲಿ ಮುಗಿಸಿದ್ದೀರಿ. ಇಷ್ಟು ಬಿಗಿಯಾಗಿ ಬರೆಯುವ ಒಬ್ಬ ಲೇಖಕನೂ ನನ್ನ ಕೈಕೆಳಗೆ ಹಾದುಹೋಗಲಿಲ್ಲ.

ನಾವು ಮನೆ ಮಾರಲು ಹೊರಟದ್ದು ಆಸೆಯಿಂದಲ್ಲ, ಮೆಟ್ಟಿಲಿನ ದೆಸೆಯಿಂದ. ನಮ್ಮಲ್ಲಿ ಬಚ್ಚಲು ಇದ್ದದ್ದು ಮೇಲೆ, ಅಡುಗೆಮನೆ ಕೆಳಗೆ, ನಡುವೆ ಏಣಿಗೆ ತಮ್ಮನಂತಿರುವ ಹದಿನಾಲ್ಕು ಕಡಿದಾದ ಮೆಟ್ಟಿಲು. ಮೂವತ್ತು ವರ್ಷ ಕಪ್ಪು ಹಲಗೆಯ ಮುಂದೆ ನಿಂತು ಗಣಿತ ಕಲಿಸಿದ ನನ್ನ ಹೆಂಡತಿಯ ಮಂಡಿಗಳು ಎರಡು ವರ್ಷದಿಂದ ಮುಷ್ಕರ ಹೂಡಿವೆ. ಆಕೆ ಒಂದೊಂದೇ ಮೆಟ್ಟಿಲ ಮೇಲೆ ಕೂತು, ಮಗುವಿನ ಹಾಗೆ ಜಾರಿಕೊಂಡು ಇಳಿಯುತ್ತಿದ್ದಳು. ಬಂದವರ ಮುಂದೆ ಮಾತ್ರ ಇಳಿಯುತ್ತಿರಲಿಲ್ಲ; ಅವರು ಹೋಗುವವರೆಗೆ ಮೇಲೆಯೇ ಇರುತ್ತಿದ್ದಳು.

ಒಬ್ಬ ಹಲ್ಲಿನ ಡಾಕ್ಟರು ನಮ್ಮ ಮನೆಯನ್ನು ಮೂರು ಸಲ ನೋಡಿ, ಒಪ್ಪಿ, ತಾವು ಸೂಚಿಸಿದ ಬೆಲೆಗೇ ಕೈಕುಲುಕಿದ್ದರು. ಪಕ್ಕದ ಬೀದಿಯಲ್ಲಿ ನೆಲಮಹಡಿಯ ಎರಡು ಕೋಣೆಗಳನ್ನು ನಾವೂ ನೋಡಿಟ್ಟಿದ್ದೆವು. ಅಷ್ಟರಲ್ಲಿ ಎಂಟನೇ ಮನೆ ಮಾರಾಟವಾಯಿತು.

ಆ ಮನೆ ನಿವೃತ್ತ ನರ್ಸಮ್ಮನವರದು. ಗಂಡನಿಲ್ಲ, ಮಕ್ಕಳಿಲ್ಲ. ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಟೈಲರಮ್ಮ ಹನ್ನೊಂದು ವರ್ಷದಿಂದ ಅವರಿಗೆ ಗಂಜಿ ಕಾಯಿಸಿ, ಕಾಲು ತಿಕ್ಕಿ, ಆಸ್ಪತ್ರೆಗೆ ಕರೆದೊಯ್ದು ನೋಡಿಕೊಂಡಿದ್ದಳು. ದೂರದ ಊರಿನ ತಂಗಿಯ ಮನೆಗೆ ಹೊರಟುನಿಂತ ನರ್ಸಮ್ಮ, ಒಂದು ಒಳ್ಳೆಯ ಹೊಲಿಗೆ ಯಂತ್ರಕ್ಕೆ ಕೊಡುವಷ್ಟು ಹಣ ತೆಗೆದುಕೊಂಡು ಮನೆಯನ್ನು ಅವಳ ಹೆಸರಿಗೆ ಬರೆದುಕೊಟ್ಟರು. ತಾವು ನೋಂದಣಿಯಲ್ಲಿ ಆ ಮೊತ್ತವನ್ನು ಕಣ್ಣಾರೆ ಓದಿದಿರಿ, ಕಾರಣವನ್ನು ಓದಲಿಲ್ಲ. ಮರುವಾರವೇ ಇಡೀ ಸಾಲಿನ ಬೆಲೆ ಕಾಲುಭಾಗ ಇಳಿಯಿತು.

ಡಾಕ್ಟರು ಬಾಗಿಲಲ್ಲೇ ನಿಂತು ಫೋನು ತೋರಿಸಿದರು. "ಬೇಜಾರ್ ಮಾಡ್ಕೋಬೇಡಿ ಸಾರ್, ಯಂತ್ರವೇ ಹೀಗೆ ಹೇಳ್ತಿರುವಾಗ ನಾನು ಹೆಚ್ಚು ಕೊಟ್ರೆ ಮನೆಯವರು ನನ್ನನ್ನ ಪೆದ್ದ ಅಂತಾರೆ," ಎಂದು ಹೊರಟೇ ಹೋದರು. ಮೇಲಿನಿಂದ ಹೆಂಡತಿ "ಏನಂದ್ರು?" ಎಂದು ಕೇಳಿದಳು. ನಾನು ಬಾಗಿಲು ಮುಚ್ಚಿದೆ.

ಆ ಸಂಜೆ ಮೂರನೇ ಮನೆಯ ಬೇಕರಿಯವರ ಪಡಸಾಲೆಯಲ್ಲಿ ಸಾಲಿನವರೆಲ್ಲ ಸೇರಿದೆವು. "ಆ ಮುದುಕಿ ನಮ್ಮೆಲ್ಲರ ಮನೆಗೂ ಕನ್ನ ಹಾಕಿಬಿಟ್ಟಳು," ಎಂದರು ಬೇಕರಿಯವರು. ಅವರ ಎರಡು ಮಕ್ಕಳನ್ನೂ ಹೆರಿಗೆಯ ಕೋಣೆಯಲ್ಲಿ ಮೊದಲು ಎತ್ತಿಕೊಂಡವರು ಅದೇ ನರ್ಸಮ್ಮ. ಎಲ್ಲರಿಗಿಂತ ಚೆನ್ನಾಗಿ ಮಾತಾಡುವವನು ನಾನೇ ಎಂದು ತೀರ್ಮಾನವಾಗಿ, ನಾನು ಹೋಗಿ ಅವರ ಕದ ಬಡಿದೆ.

ಚೆನ್ನಾಗಿಯೇ ಮಾತಾಡಿದೆ. ಸ್ವಾರ್ಥಿ ಎಂದೆ, ಅರಳುಮರುಳು ಎಂದೆ. ಅವರು ಪೆಟ್ಟಿಗೆಗೆ ಸೀರೆ ಮಡಚಿಡುತ್ತಿದ್ದವರು ಮಡಚುತ್ತಲೇ ಕೇಳಿಸಿಕೊಂಡು, "ನಾನು ಕೊಟ್ಟಿದ್ದು ನನ್ನ ಮನೆ ಕಣಪ್ಪ, ನಿಮ್ಮದಲ್ಲ. ಅಷ್ಟು ಕೂಗಬೇಡ, ಗೋಡೆ ಆಚೆ ಅವಳಿಗೆ ಕೇಳಿಸುತ್ತೆ," ಎಂದರು. ಗೋಡೆಯಾಚೆ ಇದ್ದವಳು ನನ್ನ ಹೆಂಡತಿ. ಅವಳಿಗೆ ಕೇಳಿಸಿತ್ತು. ಅಂದು ಆಕೆ ನನ್ನೊಡನೆ ಊಟಕ್ಕೆ ಕೂರಲಿಲ್ಲ.

ಮೂರು ದಿನದ ಮೇಲೆ ನರ್ಸಮ್ಮ ಹೊರಟರು. ಅವರ ಆಟೋ ಸಾಲಿನ ಉದ್ದಕ್ಕೂ ನಿಧಾನವಾಗಿ ಹೋಯಿತು. ಒಂದೂ ಬಾಗಿಲು ತೆರೆಯಲಿಲ್ಲ. ನಾನು ನಮ್ಮ ಬಾಗಿಲ ಹಿಂದೆ, ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದೆ. ಇದೂ ಮಾರಾಟದ ಇತಿಹಾಸವೇ ಆದ್ದರಿಂದ, ಎಂಟನೇ ಮನೆಯ ಹೆಸರಿನ ಕೆಳಗೆ ದಯಮಾಡಿ ಇನ್ನೊಂದು ಸಾಲಾಗಿ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ. ಚಿಲಕ ತೆಗೆಯದಂತೆ ನನ್ನ ಕೈ ಹಿಡಿದವರು ತಾವಲ್ಲ ಎಂಬುದನ್ನೂ ನಮೂದಿಸಿ. ನನಗೆ ತಮ್ಮ ಮೇಲಿನ ಸಿಟ್ಟಿಗಿಂತ ಆ ಕೈಯ ಮೇಲಿನ ಸಿಟ್ಟು ಜಾಸ್ತಿ.

ತಪ್ಪು ತಿದ್ದಿರೆಂದು ತಮಗೆ ನಾಲ್ಕು ಸಲ ಬರೆದೆ. ನಾಲ್ಕು ಸಲವೂ "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಎಂದು ಉತ್ತರಿಸಿದಿರಿ. ಬೆಲೆ ಕಟ್ಟಲಾಗದ ವಸ್ತುವೂ ಒಂದಿದೆಯೆಂದು ತಾವು ಒಪ್ಪಿಕೊಂಡದ್ದು ಸಂತೋಷ.

ಕೊನೆಗೆ ದಾರಿ ತೋರಿಸಿದವಳು ಟೈಲರಮ್ಮ. ಒಂದು ಬೆಳಿಗ್ಗೆ ನನ್ನ ಹೆಂಡತಿಯ ರವಿಕೆ ಕೊಡಲು ಬಂದವಳು ಮೆಟ್ಟಿಲ ಮೇಲೆ ಆಕೆ ಜಾರಿ ಇಳಿಯುವುದನ್ನು ನೋಡಿಬಿಟ್ಟಳು. ನೋಡದವಳಂತೆ, ರವಿಕೆ ಇಟ್ಟುಬರುವ ನೆಪದಲ್ಲಿ ಪಕ್ಕದಿಂದ ಮೇಲೆ ಹೋಗಿ ಅಟ್ಟದ ಕೋಣೆಯಲ್ಲಿ ನಿಂತಳು. ಅಲ್ಲಿ ಸೂರಿಗೆ ದೊಡ್ಡ ಗಾಜಿದೆ, ದಿನವಿಡೀ ಬೆಳಕು. ಇಳಿದು ಬಂದು, "ಅಕ್ಕಾ, ನಮ್ಮನೇಲಿ ನರ್ಸಮ್ಮ ಕೆಳಗೇ ಒಂದು ಕೋಣೆ, ಬಚ್ಚಲು ಕಟ್ಟಿಸಿದ್ದಾರೆ. ನಂಗೆ ಅದರಿಂದ ಏನೂ ಆಗ್ಬೇಕಾಗಿಲ್ಲ. ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಕಾಣಿಸಿದ್ರೆ ಸಾಕು. ಮನೆ ಬದಲಾಯಿಸ್ಕೊಳ್ಳೋಣ್ವಾ?" ಎಂದಳು. ಅವಳನ್ನು ಮನೆ ನುಂಗಿದವಳೆಂದು ಬೀದಿಯೆಲ್ಲ ಆಡಿಕೊಂಡಿತ್ತು. ಹಾಗೆ ಆಡಿದವರಲ್ಲಿ ಒಬ್ಬನ ಎದುರಿಗೇ ಅವಳು ಇದನ್ನು ಹೇಳಿದಳು. ನನ್ನ ಹೆಂಡತಿ ನನ್ನ ಒಪ್ಪಿಗೆಗೂ ಕಾಯದೆ "ನಾಳೇನೇ ಆಗ್ಲಿ" ಎಂದಳು. ತಮ್ಮ ಜಾಲತಾಣದ ಪ್ರಕಾರ ನರ್ಸಮ್ಮನವರ ಆ ಕೆಳಗಿನ ಕೋಣೆ ಹಿತ್ತಲನ್ನು ತಿಂದಿರುವುದರಿಂದ ಮನೆಯ ದೊಡ್ಡ ದೋಷ. ನನ್ನ ಹೆಂಡತಿ ಈಗ ಆ ದೋಷದೊಳಗೆ ನೆಟ್ಟಗೆ ನಡೆದು ಹೋಗಿ ಸ್ನಾನ ಮಾಡಿ ಬರುತ್ತಾಳೆ, ಬಂದವರಿದ್ದರೂ.

ಹೀಗೆ ನಿತ್ಯ ತಮ್ಮ ಅಂದಾಜಿಗೆ ಮೀರಿದ ಬೆಳಕನ್ನೂ ನೀರನ್ನೂ ಅನುಭವಿಸುತ್ತಿರುವ,

ತಮ್ಮ ವಿಶ್ವಾಸಿ, ಕಾಲುಭಾಗ ಕಡಿತದ ನಂತರ
ಈಗ ಎಂಟನೇ ಮನೆಯ ನಿವಾಸಿ

ತಾ.ಕ.: ಮನೆಗಳ ಅದಲುಬದಲು ನೋಂದಣಿಯಾಗಿದೆ. ಬೆಲೆಯ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದು ಗುಮಾಸ್ತರು ಕೇಳಿದಾಗ ನನ್ನ ಹೆಂಡತಿ, "ಎರಡು ಮಂಡಿ, ಒಂದು ಗಾಜು ಅಂತ ಬರೀರಿ," ಎಂದಳು. ಅವರು ಎರಡೂ ಮನೆಗೆ ಸೊನ್ನೆ ಬರೆದರು. ಮುಂದಿನ ವಾರ ತಾವು ಇಡೀ ಸಾಲನ್ನು ಪುಕ್ಕಟೆ ಎಂದು ಘೋಷಿಸುವ ಮುನ್ನ ಒಂದು ಮಾತು ಮೊದಲೇ ತಿಳಿಸಿ. ಮೂರನೇ ಮನೆಯ ಬೇಕರಿಯವರಿಗೆ ರಕ್ತದೊತ್ತಡವಿದೆ, ಅವರನ್ನು ಉಪಚರಿಸಲು ಬೀದಿಯಲ್ಲಿ ಈಗ ನರ್ಸಮ್ಮನೂ ಇಲ್ಲ.