ನಾನು ಗೌಂಡಿಗಳ ಎಚ್‌ಆರ್ ಆಗಿದ್ದಾಗ

ಮೊದಲು ಒಂದು ಒಗಟು. ಸತ್ತವನು ಗೋಡೆಗೆ ಗಿಲಾವು ಬಡೀತಾನೆ, ಅಳಲು ಬಂದವರು ಪಗಾರ ಕೇಳ್ತಾರೆ, ಮಾಲಕ ಮೂಲೆಯಲ್ಲಿ ಕೂತು ಚಹಾ ಕುದಿಸ್ತಾನೆ. ಏನದು?

ನಿಮಗೆ ಬರೋದಿಲ್ಲ ಬಿಡ್ರಿ. ಪುಣೆಯ ನಮ್ಮ ಕೊಂಢವಾ ಸೈಟಿನಲ್ಲಿ ಇಂಥವು ಆಗ್ತಾನೇ ಇರ್ತಾವ. ಹುಡುಕಿಕೊಂಡು ಹೋಗಬೇಕಿಲ್ಲ. ತಲೆಗೆ ಹೆಲ್ಮೆಟ್ ಹಾಕಿ ಕೆಳಗೆ ನಿಂತರೆ ಸಾಕು, ಮೇಲಿಂದ ಒಂದೊಂದೇ ಬೀಳ್ತಾವ.

ಬಾಯಿ ಪಾಸು

ನಮ್ಮ ಮಾಮಾ ಗಿಲಾವಿನ ಗುತ್ತೇದಾರ. ಅಂದರೆ ಬಿಲ್ಡರ್ ಗೋಡೆ ಕಟ್ಟಿಸ್ತಾನೆ, ಮಾಮಾನ ಗೌಂಡಿ ಮಂದಿ ಅದಕ್ಕೆ ಸಿಮೆಂಟು ಬಡಿದು ನುಣ್ಣಗೆ ಮಾಡ್ತಾರೆ. ಈ ಸಲ ಬಿಲ್ಡರ್ ಖಡಕ್ಕಾಗಿ ಹೇಳಿಬಿಟ್ಟಿದ್ದ: ಮಳೆ ಬೀಳೋದರೊಳಗೆ ಹೊರಗಿನ ಗೋಡೆ ಮುಗಿದರೆ ಪಕ್ಕದ ಬಿಲ್ಡಿಂಗೂ ನಿನಗೆ, ಇಲ್ಲದಿದ್ದರೆ ಬೇರೆಯವನಿಗೆ.

ಗೋಡೆ ಓಡಿಹೋಗೋದಿಲ್ಲ. ಮಂದಿ ಓಡಿಹೋಗ್ತಿದ್ದರು. ಒಬ್ಬ ಗೌಂಡಿ ಬೈಕ್ ಮೇಲೆ ಊಟ ಮುಟ್ಟಿಸಲು ಹೋದ. ಇನ್ನೊಬ್ಬ ಮಾಲ್‌ನಲ್ಲಿ ವಾಚ್‌ಮನ್ ಆದ. ಯಾಕಪ್ಪಾ ಅಂದರೆ, "ಅಲ್ಲಿ ಎಸಿ ಅದ ಮಾಮಾ, ಸುಮ್ನ ನಿಂತ್ರೂ ತಂಪು" ಅಂದ.

ಮಾಮಾ ಸೈಟ್ ಎಂಜಿನಿಯರನ್ನು ಕೇಳಿದ, "ಸಾಹೇಬ್ರ, ದೊಡ್ಡ ಕಂಪನ್ಯಾಗ ಮಂದೀನ ಹ್ಯಾಂಗ ಹಿಡಿದಿಡ್ತಾರ್ರಿ?"

"ಅದಕ್ಕೇ ಎಚ್‌ಆರ್ ಅಂತ ಇರ್ತಾರ."

"ಅಂವ ಏನ್ ಮಾಡ್ತಾನ್ರಿ?"

"ನಗುನಗುತಾ ಮಾತಾಡ್ತಾನ, ಬರ್ತ್‌ಡೇ ಮಾಡ್ತಾನ, ಏನು ಬೇಕಂತ ಎಲ್ಲರಿಗೂ ಕೇಳ್ತಾನ."

"ಕೊಡ್ತಾನೇನ್ರಿ?"

"ಇಲ್ಲ. ಕೇಳ್ತಾನ."

ಮಾಮಾ ತಿರುಗಿ ನನ್ನ ಕಡೆ ನೋಡಿದ. ನಾನಾಗ ಮರಳಿನ ಗುಡ್ಡದ ಮೇಲೆ ಕೂತು ಎಂಜಿನಿಯರ್ ಹೆಂಗ ನಡೀತಾನೆ ಅಂತ ಎಲ್ಲರಿಗೂ ತೋರಿಸ್ತಿದ್ದೆ. "ನಮ್ಮ ಮನ್ಯಾಗೇ ಒಬ್ಬ ಅದಾನ್ರಿ" ಅಂದ ಮಾಮಾ. "ಒಂಬತ್ತನೇತ್ತಿ ಫೇಲು. ಬಾಯಿ ಮಾತ್ರ ಪಾಸು."

ನಾಕಾದಲ್ಲಿ ಇಂಟರ್‌ವ್ಯೂ

ಕೂಲಿಯವರು ಬೆಳಿಗ್ಗೆ ನಿಲ್ಲೋ ನಾಕಾಕ್ಕೆ ಹೋದೆವು. ಹಿಂದೆಲ್ಲ ಮಾಮಾ ಅಲ್ಲಿ ರಾಜ. ಒಬ್ಬೊಬ್ಬರ ಅಂಗೈ ಮುಟ್ಟಿ ನೋಡಿ, ದಡ್ಡು ಬಿದ್ದಿದ್ದರೆ "ಬಾ" ಅಂತಿದ್ದ, ಮೆತ್ತಗಿದ್ದರೆ "ನಡಿ" ಅಂತಿದ್ದ.

ಈ ಸಲ ಬುಟ್ಟಿ ಬೋರಲು ಹಾಕಿ ಒಬ್ಬಾಕೆ ಕೂತಿದ್ದಳು. ಸಿಮೆಂಟು-ಉಸುಕು ಕಲಸುವುದರಲ್ಲಿ ಎತ್ತಿದ ಕೈ, ಎಲ್ಲರೂ ಆಕೆಗೆ ಕಾಕು ಅಂತಾರೆ. ಆಕೆಯ ಹಿಂದೆ ಐದಾರು ಗೌಂಡಿಗಳು ನಿಂತಿದ್ದರು. ಆಕೆ ಬಂದರೆ ಅವರೂ ಬರ್ತಾರೆ, ಆಕೆ ಕೂತರೆ ಅವರು ನಿಂತೇ ಇರ್ತಾರೆ.

"ಎಷ್ಟನೇ ಮಾಳಿಗಿ?" ಅಂತ ಕೇಳಿದಳು.

"ಆರು" ಅಂದ ಮಾಮಾ.

"ಲಿಫ್ಟ್?"

"ಸಾಮಾನು ಏರಿಸೂದು ಅದ."

"ಅಂದ್ರ ಸಿಮೆಂಟು ಕುಂತು ಹೋಗ್ತದ, ಮನಷ್ಯಾ ನಡೀಬೇಕು. ಇರ್ಲಿ. ಫೋನಿಗೆ ರೇಂಜ್?"

"ಮ್ಯಾಲೆ ಭಾಳ ಛಲೋ ಬರ್ತದ."

"ಐತವಾರ ಸುಟ್ಟಿ?"

ಮಾಮಾ ಬೆರಳ ಮೇಲೆ ಐತವಾರ ಎಣಿಸಿದ. "ಕೊಡೂಣು."

"ಚಹಾ ನಾ ಮಾಡಂಗಿಲ್ಲ, ಈಗೇ ಹೇಳ್ತೀನಿ. ಹೆಣ್ಮಗಳು ಕಂಡ್ಳು ಅಂದ್ರ ಸಾಕು, ಎಲ್ಲಾರೂ ಚಾಪುಡಿ ಡಬ್ಬಿ ಕೈಯಾಗ ಕೊಡ್ತೀರಿ. ಯಾರು ಮಾಡವ್ರು?"

ಮಾಮಾ ನನ್ನ ಕಡೆ ನೋಡಿದ. ನಾನು, "ಎಚ್‌ಆರ್ ಚಹಾ ಮಾಡಂಗಿಲ್ಲ ಮಾಮಾ" ಅಂದೆ. ಅಲ್ಲಿಗೆ ಚಹಾ ಮಾಮಾನ ಪಾಲಾಯಿತು.

"ಹಿಂದಿನ ಸೈಟಿನ್ಯಾಗ ನಿಮ್ಮ ಮಂದಿ ಯಾಕ ಬಿಟ್ಟುಹೋದ್ರು?" ಅಂತ ಕಾಕು ಕೊನೆಯದಾಗಿ ಕೇಳಿದಳು. ಮಾಮಾ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. "ನಂಬರ್ ಕೊಟ್ಟು ಹೋಗ್ರಿ, ವಿಚಾರ ಮಾಡಿ ತಿಳಸ್ತೀವಿ" ಅಂದಳು ಕಾಕು.

ಆ ದಿನ ಮಾಮಾ ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಫೋನ್ ಬಂತು. ಮಾಮಾ ಸಿಲೆಕ್ಟ್ ಆಗಿದ್ದ.

ವರ್ಕ್ ಫ್ರಮ್ ಹೋಮ್

ಕಾಕುವಿನ ಗುಂಪಿನಲ್ಲಿ ಒಬ್ಬ ಹಿರೇ ಗೌಂಡಿ. ಮುಖದಲ್ಲಿ ನಗು ಇಲ್ಲ, ಅಳು ಇಲ್ಲ, ತಾನೇ ಗಿಲಾವು ಮಾಡಿಕೊಂಡ ಹಾಗೆ ಸಪಾಟು. ಕೈ ಮಾತ್ರ ಬಂಗಾರ. ನಮ್ಮವರೆಲ್ಲ ಸೈಟಿನಲ್ಲೇ ಉಳೀತಾರೆ. ಈತ ಮೂರನೇ ಮಾಳಿಗೆಯ ಒಂದು ಫ್ಲ್ಯಾಟಿನಲ್ಲಿ ಚಾಪೆ ಹಾಸಿದ್ದ.

ಒಂದು ದಿನ ಆ ಫ್ಲ್ಯಾಟ್ ಕೊಂಡವನು ನೋಡಲು ಬಂದ. ಬೆಂಗಳೂರು ಕಡೆಯವನು, ಸಾಫ್ಟ್‌ವೇರು. ಬಾಲ್ಕನಿಯಲ್ಲಿ ಲುಂಗಿ ಒಣಗ್ತಿತ್ತು, ಹಾಲ್‌ನಲ್ಲಿ ಸ್ಟೋವ್ ಮೇಲೆ ಅನ್ನ ಕುದೀತಿತ್ತು. ಅವನು ಅದನ್ನೆಲ್ಲ ನೋಡಿಯೂ ನೋಡದವನಂತೆ, "ಆಕ್ಚುಲಿ ನಂದು ವರ್ಕ್ ಫ್ರಮ್ ಹೋಮ್, ಸೋ ಈ ರೂಮು ಸೈಲೆಂಟಾಗಿ ಇರ್ಬೇಕು" ಅಂದ.

ಹಿರೇ ಗೌಂಡಿ ಕೇಳಿದ, "ಹಂಗಂದ್ರ ಏನ್ರಿ?"

"ಮನೇಲೇ ಇರೋದು, ಮನೇಲೇ ಕೆಲ್ಸ ಮಾಡೋದು."

"ಹೌದ್ರಿ? ನಮ್ದೂ ಅದೇ ರೀ."

"ನಿಮ್ದೂನಾ?"

"ಹೂಂ ರೀ. ನಿಮ್ಮ ಹೋಮಿಂದ."

ಅಷ್ಟಕ್ಕೇ ಬಿಡಲಿಲ್ಲ. "ಮಲಗೂ ಕೋಣ್ಯಾಗ ನಿದ್ದಿ ಭಾಳ ಛಲೋ ಹತ್ತತದ್ರಿ, ಆದ್ರ ಮುಂಜಾನೆ ಬಿಸಲು ಸೀದಾ ಕಣ್ಣಿಗೇ ಬೀಳ್ತದ. ಪಡದೆ ದಪ್ಪಂದು ಹಾಕ್ಸ್ರಿ" ಅಂದ. ಸಾಫ್ಟ್‌ವೇರಿನವನು ಕತ್ತು ಅಲ್ಲಾಡಿಸಿ, ಅದನ್ನು ಫೋನಿನಲ್ಲಿ ಬರೆದುಕೊಂಡ.

ಬರ್ತ್‌ಡೇ

ಎಚ್‌ಆರ್ ಅಂದಮೇಲೆ ಹುಟ್ಟುಹಬ್ಬ ಮಾಡಲೇಬೇಕು. ಎಲ್ಲರನ್ನೂ ತಾರೀಖು ಕೇಳಿದೆ. ಯಾರಿಗೂ ಗೊತ್ತಿಲ್ಲ. "ಆಧಾರ್ ತೋರಸ್ರಿ" ಅಂದೆ. ಕಾಕುವಿನದು ಜೂನ್ ಒಂದು. ಹಿರೇ ಗೌಂಡಿಯದು ಜೂನ್ ಒಂದು. ಉಳಿದವರದೂ ಜೂನ್ ಒಂದು. ಸಾಲಿ ಮಾಸ್ತರರು ಎಲ್ಲರನ್ನೂ ಒಂದೇ ದಿನ ಹುಟ್ಟಿಸಿಬಿಟ್ಟಿದ್ದರು.

ಮಾಮಾಗೆ ಖುಷಿಯೋ ಖುಷಿ, ಒಂದೇ ಕೇಕಿನಲ್ಲಿ ವರ್ಷದ ಬರ್ತ್‌ಡೇ ಮುಗೀತು ಅಂತ. ಜೂನ್ ಒಂದಕ್ಕೆ ಕೇಕ್ ಬಂತು. ಕಾಕು ಅಂದಳು, "ಬರ್ತ್‌ಡೇ ದಿನ ಯಾರರೆ ಕೆಲಸಾ ಮಾಡ್ತಾರೇನು?"

ಅವತ್ತು ಇಡೀ ಸೈಟಿನಲ್ಲಿ ಹುಟ್ಟದೇ ಇದ್ದವರು ತಾನು ಮತ್ತು ನಾನು ಇಬ್ಬರೇ ಅಂತ ಮಾಮಾ ಅಂದುಕೊಂಡಿದ್ದ. ಮಾಮಾ ನನ್ನ ಕೈಗೆ ಬುಟ್ಟಿ ಕೊಟ್ಟ. ನಾನು ನನ್ನ ಆಧಾರ್ ತೋರಿಸಿದೆ: ಜೂನ್ ಒಂದು.

ವಾರದ ಗೌಂಡಿ

ಪಡುವಣ ಗೋಡೆಯೊಂದು ಉಳಿದಿತ್ತು. ಆಕಾಶ ಕಪ್ಪಾಗಿತ್ತು. ಮಾಮಾ ದಿನಕ್ಕೆ ಹತ್ತು ಸಲ ಮೇಲೆ ನೋಡ್ತಿದ್ದ, ಚಹಾ ಉಕ್ಕಿ ಹೋಗ್ತಿತ್ತು. ಅಂಥದರಲ್ಲಿ ಬೇರೊಬ್ಬ ಗುತ್ತೇದಾರ ನಮ್ಮ ಹಿರೇ ಗೌಂಡಿಯನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಮಿಸಳ್ ತಿನ್ನಿಸಿದ ಅಂತ ಸುದ್ದಿ ಬಂತು.

"ಏನರೆ ಮಾಡಲೇ ಎಚ್‌ಆರ್. ಅಂವ ಹೋದ್ರ ಗ್ವಾಡಿ ಹೋತು, ಗ್ವಾಡಿ ಹೋದ್ರ ಬಿಲ್ಡಿಂಗ್ ಹೋತು" ಅಂದ ಮಾಮಾ.

ಪುಣೆಯಲ್ಲಿ ಯಾರನ್ನು ಖುಷಿಪಡಿಸಬೇಕಾದರೂ ಫ್ಲೆಕ್ಸ್ ಹಾಕ್ತಾರೆ. ಹಿರೇ ಗೌಂಡಿಯನ್ನು 'ವಾರದ ಗೌಂಡಿ' ಮಾಡೋಣ ಅಂತ ನಾನೂ ಫ್ಲೆಕ್ಸ್ ಅಂಗಡಿಗೆ ಹೋದೆ. ಹಿರೇ ಗೌಂಡಿಯ ಆಧಾರ್ ಫೋಟೋ ಕೊಟ್ಟೆ. ಬಣ್ಣದ ಶಾಯಿ ಮುಗಿದಿತ್ತು, ಕಪ್ಪು-ಬಿಳುಪಿನಲ್ಲೇ ಆಗಲಿ ಅಂದೆ. ಸುತ್ತ ಚೆಂಡುಹೂವಿನ ಹಾರ, ಎರಡೂ ಕಡೆ ದೀಪ ಇರೋ ಚೌಕಟ್ಟು ರೆಡಿ ಇತ್ತು, ಅದನ್ನೇ ಹಾಕಿಸಿದೆ. ಕೆಳಗೆ ನಾನೇ ಹೇಳಿ ಕನ್ನಡದಲ್ಲಿ ಬರೆಸಿದೆ: "ಇಂಥ ಗೌಂಡಿ ಮತ್ತ ಹುಟ್ಟಂಗಿಲ್ಲ." ಅಂಗಡಿಯವನು ನನ್ನ ಎರಡೂ ಕೈ ಹಿಡಿದು, ಮರಾಠಿಯಲ್ಲಿ ಧೈರ್ಯ ತಂದುಕೋ ಅಂದ. ಏನೋ ಭಾವುಕ ಮನುಷ್ಯ ಅಂದುಕೊಂಡೆ. ನನಗೆ ಗೊತ್ತಿದ್ದೂ ಮಾಡಿದೆನೋ ಗೊತ್ತಿಲ್ಲದೆ ಮಾಡಿದೆನೋ ಅಂತ ಮಾಮಾ ಇವತ್ತಿಗೂ ಕೇಳ್ತಾನೆ. ನಾನು ಹೇಳಿಲ್ಲ.

ಫ್ಲೆಕ್ಸನ್ನು ಗೇಟಿಗೆ ಕಟ್ಟಿದೆವು. ಕಾಕು ಫೋಟೋ ತೆಗೆದು ಸ್ಟೇಟಸ್ ಹಾಕಿದಳು. ಅವರ ಊರಿನ ಮಂದಿಯೆಲ್ಲ ನೋಡಿ ಫೋನ್ ಹಚ್ಚಿದರು. ಹಿರೇ ಗೌಂಡಿಯ ಫೋನ್ ಎಂದಿನಂತೆ ಸ್ವಿಚ್ ಆಫ್.

ಮರುದಿನ ಬೆಳಿಗ್ಗೆ ಯಾದಗಿರಿ ಕಡೆಯಿಂದ ಒಂದು ಕ್ರೂಸರ್ ಗಾಡಿ ಬಂದು ನಿಂತಿತು. ಹಿರೇ ಗೌಂಡಿಯ ಮೈದುನ, ತಮ್ಮಂದಿರು, ಅಕ್ಕ ಎಲ್ಲರೂ ಇಳಿದರು. ಫ್ಲೆಕ್ಸ್ ಕಂಡದ್ದೇ ಅಕ್ಕ ಎದೆ ಬಡಿದುಕೊಂಡು ಅಳಲು ಶುರು ಮಾಡಿದಳು.

ಗೋಡೆಗೆ ಬೊಂಬು ಕಟ್ಟಿದ ಪರಾಂಚಿಯ ಮೇಲೆ ನಿಂತು ಗಿಲಾವು ಬಡೀತಿದ್ದ ಹಿರೇ ಗೌಂಡಿ ಬಗ್ಗಿ ನೋಡಿ ಕೇಳಿದ, "ಯಾರು ಹೋದ್ರು?"

ಮೈದುನ ತಲೆ ಎತ್ತಿ ಅವನನ್ನು ನೋಡಿದ, ತಿರುಗಿ ಫ್ಲೆಕ್ಸ್ ನೋಡಿದ. ಆಮೇಲೆ ಮೆಲ್ಲಗೆ ಅಂದ, "ನೀನೇ."

ಹಿರೇ ಗೌಂಡಿ ಸಿಮೆಂಟು ಬಡಿಯೋ ಕರಣಿಯಿಂದ ಗೋಡೆ ಮುಟ್ಟಿ ನೋಡಿದ. "ಕಲಸಿದ ಮಾಲು ಹಸಿ ಅದ. ಇಷ್ಟು ಬಡದು ಇಳೀತೀನಿ" ಅಂದ.

ಇಳಿದ ಮೇಲೆ ಅಕ್ಕ ಅವನನ್ನು ತಬ್ಬಿಕೊಂಡಳು, ಮೈದುನ ಬೈದ, ಮಾಮಾ ನನ್ನ ಕಿವಿ ಹಿಂಡಿದ. ಆಗ ಗುಡುಗಿತು. ಮಾಮಾ ಕಿವಿ ಬಿಟ್ಟು ಬಂದವರ ಕೈ ನೋಡಿದ. ಎಲ್ಲರ ಅಂಗೈಯಲ್ಲೂ ದಡ್ಡು. ಮನೆತನವೇ ಗೌಂಡಿಗಳದ್ದು.

"ಹ್ಯಾಂಗೂ ಬಂದೀರಿ, ಒಂದು ಗ್ವಾಡಿ..." ಅಂದ ಮಾಮಾ.

"ನಾವು ಅಳಲಾಕ ಅಂತ ರಜಾ ಹಾಕಿ ಬಂದೇವಿ. ರಜಾದಾಗ ದುಡದ್ರ ಡಬಲ್ ಪಗಾರ" ಅಂದ ಮೈದುನ.

"ಚಹಾ ಇವರಿಗೂ ನೀವೇ" ಅಂದಳು ಕಾಕು.

ಮಾಮಾ ಎರಡಕ್ಕೂ ಹೂಂ ಅಂದು ಸ್ಟೋವ್ ಹಚ್ಚಿದ. ಎಲ್ಲರೂ ಕರಣಿ ಹಿಡಿದು ಏರಿದರು. ಸಂಜೆ ಕೊನೆಯ ಮೂಲೆ ನುಣ್ಣಗಾಗೋದಕ್ಕೂ, ಮೊದಲ ಹನಿ ಮಾಮಾನ ಮೂಗಿನ ಮೇಲೆ ಬೀಳೋದಕ್ಕೂ ಸರಿಹೋಯಿತು. ಪಕ್ಕದ ಬಿಲ್ಡಿಂಗ್ ನಮ್ಮದಾಯಿತು. ಒಗಟು ಒಡೀತಲ್ಲ?

ಒಡೀತು, ಆದರೆ ಈ ಕೊನೆ ನಾನು ಕಟ್ಟಿದ್ದು. ಅವರು ಬಂದದ್ದು ಖರೆ, ಹಿರೇ ಗೌಂಡಿ ಹಾಗಂದದ್ದೂ ಖರೆ. ಆದರೆ ಬಂದವರು ಯಾರೂ ಕರಣಿ ಮುಟ್ಟಲಿಲ್ಲ. ರಜಾ ಅಂದರೆ ರಜಾ ಅಂತ ಎರಡು ದಿನ ಉಂಡು, ಮಾಮಾನ ಚಹಾ ಕುಡಿದು, ಸಕ್ಕರೆ ಕಡಿಮೆ ಅಂತ ಹೇಳಿ ಊರಿಗೆ ಹೋದರು. ಒಗಟಿಗೆ ಉತ್ತರ ಬೇಕಲ್ಲ ಅಂತ ಅವರನ್ನು ಮೇಲೆ ಹತ್ತಿಸಿದವ ನಾನೇ. ಗೋಡೆಯನ್ನು ನಮ್ಮವರೇ ಆರಾಮಾಗಿ, ಐತವಾರದ ಸುಟ್ಟಿಯನ್ನೂ ಬಿಡದೆ ಮುಗಿಸಿದರು. ಬಿಲ್ಡಿಂಗ್ ಮಾತ್ರ ಖರೇನೇ ಸಿಕ್ಕಿತು.

ಮತ್ತೆ ಮಳೆ? ಅದೂ ಈಗಿನ ಕಾಲದ್ದೇ. ಗುಡುಗಿ ಹಾಜರಿ ಹಾಕಿ, ಯಾರಿಗೂ ಹೇಳದೆ ಒಂದು ವಾರ ರಜಾ ಹೋಗಿತ್ತು.