ಬಾಗಿಲು ಎಳೆದವರು ಯಾರು?

ನಾದಿನಿ: ಬಾಗಿಲು ಎಳೆದವರು ನೀವು, ಭಾವ.

ಭಾವ: ನಾನ್ಯಾಕೆ ಎಳೀಲಿ? ಮೊದಲು ಒಳಗೆ ಬಂದು ಕೂತವಳು ನೀನು.

ನಾದಿನಿ: ಮೊದಲು ಬಂದವಳು ಹೇಗೆ ಎಳೀತಾಳೆ? ಹಿಂದೆ ಬಂದವರು ತಾನೇ ಎಳೆಯೋದು?

ಭಾವ: ನೀನು ಬರದೇ ಇದ್ದಿದ್ರೆ ನಾನು ಬರ್ತಿದ್ನಾ? ನಾನು ಬರದೇ ಇದ್ದಿದ್ರೆ ಬಾಗಿಲು ಹಾಕ್ಕೊಳ್ತಿತ್ತಾ? ಮೂಲಕ್ಕೆ ಹೋಗು. ತನಿಖೆ ಅಂದ್ರೆ ಅದು.

ಇಬ್ಬರೂ ನಿಂತಿದ್ದದ್ದು ಲಾಕಪ್ಪಿನೊಳಗೆ. ಗಾಬರಿಯಾಗಬೇಡಿ, ಯಾರೂ ಏನೂ ಕದ್ದಿರಲಿಲ್ಲ. ಅದು ಪೊಲೀಸ್ ಅಧಿಕಾರಿಗಳ ತರಬೇತಿ ಶಾಲೆ. ಅದರ ಹಿಂಬದಿಯ ಒಂದು ಕೋಣೆಯಲ್ಲಿ ಅಭ್ಯಾಸಕ್ಕೆಂದು ಇಡೀ ಠಾಣೆಯೊಂದನ್ನು ಕಟ್ಟಿಟ್ಟಿದ್ದರು. ಗೋಡೆಯ ಮೇಲಿನ ಊರಿನ ನಕ್ಷೆ ಸುಳ್ಳು, ಮೂಲೆಯ ವೈರ್‌ಲೆಸ್ ಸುಳ್ಳು, ಬೀರುವಿನಲ್ಲಿದ್ದ ಬಂದೂಕುಗಳೂ ಮರದವು. ನಿಜವಾದದ್ದು ಲಾಕಪ್ಪಿನ ಬಾಗಿಲು ಒಂದೇ. ಯಾವುದೋ ಹಳೆಯ ಠಾಣೆಯನ್ನು ಕೆಡವಿದಾಗ ಹೊತ್ತು ತಂದ ಕಬ್ಬಿಣದ ಬಾಗಿಲು. ಎಳೆದರೆ ತಾನಾಗಿ ಹಾಕಿಕೊಳ್ಳುತ್ತಿತ್ತು, ತೆಗೆಯಲು ಹೊರಗಿನಿಂದ ಕೀಲಿ ಬೇಕಿತ್ತು. ಕೀಲಿ ಎದುರು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಭಾವ ಎಂದರೆ ನಿವೃತ್ತ ಪೊಲೀಸ್ ಸೂಪರಿಂಟೆಂಡೆಂಟರು. ಮೀಸೆಗೆ ಇನ್ನೂ ನಿವೃತ್ತಿಯಾಗಿರಲಿಲ್ಲ. ನಾದಿನಿ ಅವರ ಹೆಂಡತಿಯ ತಂಗಿ, ನಾಯಕತ್ವದ ಬಗ್ಗೆ ದಪ್ಪ ದಪ್ಪ ಪುಸ್ತಕ ಬರೆದ ಪ್ರೊಫೆಸರು. ಹೊಸದಾಗಿ ಇನ್ಸ್‌ಪೆಕ್ಟರ್ ಆದವರಿಗೆ ಮುಂದಾಳಾಗುವುದು ಹೇಗೆಂದು ಕಲಿಸಲು ಶಾಲೆಯವರು ಇಬ್ಬರನ್ನೂ ಕರೆದಿದ್ದರು: ಅನುಭವಕ್ಕೆ ಒಬ್ಬರು, ಅಧ್ಯಯನಕ್ಕೆ ಒಬ್ಬರು. ಒಂದೇ ಮನೆತನದವರು, ಹೊಂದಿಕೊಂಡು ಹೋಗುತ್ತಾರೆ ಎಂದುಕೊಂಡಿದ್ದ ಆ ಪುಣ್ಯಾತ್ಮ ಯಾರೋ, ಅವನಿಗೆ ನೆಂಟರಿಷ್ಟರು ಇದ್ದಂತಿರಲಿಲ್ಲ.

ಆದರೆ ಮುಂದಿನ ವರ್ಷಕ್ಕೆ ಇಬ್ಬರಲ್ಲಿ ಒಬ್ಬರು ಸಾಕೆಂದು ಮೇಲಿನಿಂದ ಆದೇಶ ಬಂದಿತ್ತು. ಅಂದು ಹನ್ನೊಂದು ಗಂಟೆಗೆ ಶಾಲೆಯ ನಿರ್ದೇಶಕರು ಬಂದು ಇಬ್ಬರ ಪಾಠವನ್ನೂ ನೋಡಿ, ಯಾರಿರಬೇಕು, ಯಾರು ಹೋಗಬೇಕು ಎಂದು ಹೇಳುವವರಿದ್ದರು. ಅದಕ್ಕೇ ಇಬ್ಬರೂ ಬೇಗ ಬಂದು ತಾಲೀಮು ನಡೆಸಿದ್ದರು. ನಾದಿನಿ ಕೈದಿಯ ಪಾತ್ರ ಹಾಕಿ ಒಳಗಿನ ಬೆಂಚಿನ ಮೇಲೆ ಕೂತರು. ಭಾವನಿಗೆ ನೋಡಲಾಗಲಿಲ್ಲ. ಕೈದಿ ಯಾರಾದರೂ ಸೆಮಿನಾರಿಗೆ ಬಂದ ಹಾಗೆ ಕೂರುತ್ತಾನೆಯೇ ಎಂದು ತೋರಿಸಿಕೊಡಲು ತಾವೂ ಒಳಗೆ ಹೋದರು. ಲಾಕಪ್ಪಿಗೆ ಕಾಲಿಟ್ಟ ಕೂಡಲೇ ಹಿಂದಿನ ಬಾಗಿಲನ್ನು ಎಳೆದುಕೊಳ್ಳುವುದು ಅವರ ಸರ್ವಿಸಿನ ಉದ್ದಕ್ಕೂ ಕೈಗೆ ಹತ್ತಿದ ಅಭ್ಯಾಸ. ಕೈ ತನ್ನ ಪಾಡಿಗೆ ಕೆಲಸ ಮುಗಿಸಿತು.

ನಾದಿನಿ: ಫೋನ್ ಮಾಡಿ ಯಾರನ್ನಾದ್ರೂ ಕರೀರಿ.

ಭಾವ: ಫೋನ್ ಮೇಜಿನ ಮೇಲಿದೆ. ಲಾಕಪ್ಪಿಗೆ ಹೋಗೋನ ಮೈಮೇಲೆ ಏನೂ ಇರಬಾರದು. ಅದು ನಿಯಮ.

ನಾದಿನಿ: ನನ್ನ ಫೋನೂ ಅಲ್ಲೇ ಇಡಿಸಿದ್ರಿ.

ಭಾವ: ಕೈದಿ ಹತ್ತಿರ ಫೋನ್ ಇರುತ್ತಾ?

ಅಷ್ಟರಲ್ಲಿ ಬೂಟಿನ ಸದ್ದಾಯಿತು. ಆ ದಿನದ ಅಭ್ಯಾಸಕ್ಕೆ ಠಾಣೆಯ ಡ್ಯೂಟಿ ಬಿದ್ದಿದ್ದ ಹೊಸ ಇನ್ಸ್‌ಪೆಕ್ಟರ್ ಒಳಗೆ ಬಂದಳು. ಎತ್ತರದ ಹುಡುಗಿ, ಮಾತು ಕಡಿಮೆ. ಜೊತೆಯವರು ಅವಳನ್ನು ಬಂಡೆ ಎಂದು ಕರೆಯುತ್ತಿದ್ದರು. ಲಾಕಪ್ಪಿನಲ್ಲಿ ಇಬ್ಬರು ಗುರುಗಳನ್ನು ಕಂಡು ಅರೆಗಳಿಗೆ ನಿಂತಳು. ಆಮೇಲೆ ಎಲ್ಲ ಅರ್ಥವಾದವಳ ಹಾಗೆ ತಲೆಯಾಡಿಸಿ, ಮೊಳೆಯಿಂದ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡಳು.

ಭಾವ: ಜೇಬಿಗಲ್ಲಮ್ಮ, ಬಾಗಿಲಿಗೆ. ತೆಗಿ.

ಇನ್ಸ್‌ಪೆಕ್ಟರ್: ಆಗಲ್ಲ.

ಭಾವ: ನಾನು ಹೇಳ್ತಿದೀನಿ.

ಇನ್ಸ್‌ಪೆಕ್ಟರ್: ಒಳಗಿದ್ದೋರು ಯಾರೇ ಆಗ್ಲಿ, ಏನೇ ಹೇಳ್ಲಿ, ಬಾಗಿಲು ತೆಗೀಬಾರದು ಅಂತ ನಮ್ಮ ಗುರುಗಳು ಕಲಿಸಿದಾರೆ. ಒಳಗಿರೋನು ನಾನೇ ಆದ್ರೂ ತೆಗೀಬೇಡ, ನಾನಾದ್ರೆ ಖಂಡಿತ ತೆಗೀಬೇಡ ಅಂದಿದಾರೆ.

ನಾದಿನಿ ಭಾವನ ಮುಖ ನೋಡಿದರು. ಭಾವ ಸೂರು ನೋಡಿದರು. ಹಿಂದಿನ ವಾರವಷ್ಟೇ ಅವರು ಮೇಜು ಕುಟ್ಟಿ ಹೇಳಿದ ಮಾತು ಅದು, ಒಂದಕ್ಷರ ಆಚೀಚೆ ಆಗಿರಲಿಲ್ಲ.

ನಾದಿನಿ ಸಮಾಧಾನದ ದನಿಯಲ್ಲಿ, ಇದು ಪರೀಕ್ಷೆಯಲ್ಲ, ನಿಜವಾಗಿಯೂ ಸಿಕ್ಕಿಹಾಕಿಕೊಂಡಿದ್ದೇವೆ, ಹನ್ನೊಂದಕ್ಕೆ ನಿರ್ದೇಶಕರು ಬರುತ್ತಾರೆ, ಈ ಅವತಾರದಲ್ಲಿ ನೋಡಿದರೆ ಕೆಟ್ಟೆವು ಎಂದು ಬಿಡಿಸಿ ಹೇಳಿದರು. ಹುಡುಗಿ ಕುರ್ಚಿ ಎಳೆದುಕೊಂಡಳು. ಬಾಗಿಲಿಗೆ ತೀರ ಹತ್ತಿರವೂ ಅಲ್ಲ, ದೂರವೂ ಅಲ್ಲ. ತುಸು ಮುಂದಕ್ಕೆ ಬಾಗಿ, ಕಣ್ಣಲ್ಲಿ ಕಣ್ಣಿಟ್ಟಳು.

ಇನ್ಸ್‌ಪೆಕ್ಟರ್: ನಿಮಗೆ ತುಂಬಾ ಭಯ ಆಗಿರೋ ಹಾಗಿದೆ.

ನಾದಿನಿ: ಭಯ ಅಲ್ಲಮ್ಮ, ಅವಸರ.

ಇನ್ಸ್‌ಪೆಕ್ಟರ್: ಅವಸರ. ಅದರ ಹಿಂದೆ ಏನಿದೆ, ಹೇಳಬಹುದಾ? ನಾನು ಕೇಳಿಸ್ಕೊಳ್ತೀನಿ.

ಭಾವ: ಇದೇನಿದು?

ನಾದಿನಿ: (ಮೆಲ್ಲಗೆ) ನನ್ನ ಪಾಠ. ಮೊದಲು ಎದುರಿನವರ ಮನಸ್ಸಿನಲ್ಲಿ ಇರೋದಕ್ಕೆ ಹೆಸರು ಕೊಡಬೇಕು, ಆಮೇಲೆ ಕೇಳಿಸ್ಕೊಬೇಕು. ಪರಿಹಾರಕ್ಕೆ ಆತುರ ಪಡಬಾರದು.

ಭಾವ: ಅಂದ್ರೆ ನನ್ನ ಪಾಠದಿಂದ ಬಾಗಿಲು ತೆಗೆಯಲ್ಲ, ನಿನ್ನ ಪಾಠದಿಂದ ಎದ್ದೂ ಹೋಗಲ್ಲ. ಚೆನ್ನಾಗಿ ಕಲಿಸಿದೀವಿ.

ನಾದಿನಿ: ಅಭ್ಯಾಸ ನಿಲ್ಲಿಸೋದಕ್ಕೆ ಎಲ್ಲರಿಗೂ ಗೊತ್ತಿರೋ ಒಂದು ಪದ ಇರಲಿ ಅಂತ ನಾನು ಬಡ್ಕೊಂಡೆ. ನೀವು ಬೇಡ ಅಂದ್ರಿ.

ಭಾವ: ಬೀದೀಲಿ ಕಲ್ಲು ತೂರೋವಾಗ ಯಾರಾದ್ರೂ ಪದ ಹೇಳಿ ನಿಲ್ಲಿಸ್ತಾರಾ?

ನಾದಿನಿ: ಈಗ ಯಾರು ಕಲ್ಲು ತೂರ್ತಿದಾರೆ, ಹೇಳಿ.

ವಾದದಲ್ಲಿ ಸೋತಾಗ ಭಾವ ಯಾವಾಗಲೂ ಕಾರ್ಯಾಚರಣೆಗೆ ಇಳಿಯುತ್ತಿದ್ದರು. ಈಗಲೂ ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಒರಗಿ ನರಳತೊಡಗಿದರು. ಹುಡುಗಿ ಎದ್ದು ನಿಂತಳು, ಆದರೆ ಕೈ ಜೇಬಿಗೆ ಹೋಗಲಿಲ್ಲ.

ನಾದಿನಿ: ಭಾವ, ಹೃದಯ ಆ ಕಡೆ ಇರಲ್ಲ.

ಭಾವ ಕೈ ಬದಲಾಯಿಸಿದರು. ಹುಡುಗಿ ಕೂತುಕೊಂಡಳು.

ಮೇಜಿನ ಮೇಲಿದ್ದ ಭಾವನ ಫೋನು ಬಡಿದುಕೊಳ್ಳತೊಡಗಿತು. ಮನೆಯಿಂದ ಅವರ ಹೆಂಡತಿ, ನಾದಿನಿಯ ಅಕ್ಕ. ಹುಡುಗಿ ಅದನ್ನು ಎತ್ತಿ, ಬಹಳ ಮರ್ಯಾದೆಯಿಂದ, ಇಲ್ಲಿ ಲಾಕಪ್ಪಿನಲ್ಲಿ ಇಬ್ಬರಿದ್ದಾರೆ, ಒಬ್ಬರು ನಿಮ್ಮ ಯಜಮಾನರ ಹಾಗಿದ್ದಾರೆ, ಒಬ್ಬರು ನಿಮ್ಮ ತಂಗಿಯ ಹಾಗಿದ್ದಾರೆ, ಗುರುತು ಹೇಳುತ್ತೀರಾ ಎಂದು ಕೇಳಿದಳು. ಆ ಕಡೆಯಿಂದ ಅಕ್ಕ, ಜಗಳ ಆಡ್ತಿದ್ದಾರಾ ಎಂದು ವಿಚಾರಿಸಿದರು. ಹೌದು ಎಂದಳು. ಹಾಗಾದರೆ ಅವರೇ, ನನಗೂ ಮನೆಯಲ್ಲಿ ಒಂದು ಹೊತ್ತು ನೆಮ್ಮದಿ ಬೇಕು, ಊಟದ ತನಕ ತೆಗೆಯಬೇಡ ಎಂದು ಹೇಳಿ ಅಕ್ಕ ಫೋನಿಟ್ಟರು.

ಹುಡುಗಿ ಆಮೇಲೆ ವಿಚಾರಣೆಗೆ ತೊಡಗಿದಳು. ಒಬ್ಬೊಬ್ಬರನ್ನಾಗಿ ಬಾಗಿಲ ಬಳಿ ಕರೆದು, ಒಳಗೆ ಹೇಗೆ ಬಂದಿರಿ, ಬಾಗಿಲು ಎಳೆದವರು ಯಾರು ಎಂದು ಕೇಳಿದಳು. ನಾದಿನಿ ಭಾವನ ಹೆಸರು ಹೇಳಿದರು, ಭಾವ ನಾದಿನಿಯ ಹೆಸರು ಹೇಳಿದರು.

ಇನ್ಸ್‌ಪೆಕ್ಟರ್: ಎರಡು ಕಥೆ ಆಯ್ತು. ಕಥೆ ಎರಡಿದ್ರೆ ಯಾರನ್ನೂ ಬಿಡಬಾರದು ಅಂತ ಗುರುಗಳು ಹೇಳಿದಾರೆ. ಇಬ್ಬರೂ ಒಂದೇ ಮಾತು ಹೇಳಿ, ತೆಗೀತೀನಿ.

ಗಡಿಯಾರದ ಮುಳ್ಳು ಹನ್ನೊಂದರ ಕಡೆಗೆ ಸರಿಯುತ್ತಿತ್ತು. ನಾದಿನಿ ಬೆಂಚಿನ ಮೇಲೆ ಕೂತು, ನೀವೇ ಎಳೆದದ್ದು ಎಂದು ಒಪ್ಪಿಕೊಂಡುಬಿಡಿ, ಅದರಲ್ಲಿ ಹೋಗುವುದೇನಿದೆ ಎಂದರು. ಭಾವ ಮೀಸೆಯ ತುದಿ ತಿರುವಿದರು, ಬಿಟ್ಟರು.

ಭಾವ: ಹೋಗೋದು ಇದೆ. ಲಾಕಪ್ಪಿನ ಬಾಗಿಲು ಎಳ್ಕೊಂಡು ಒಳಗೆ ಕೂತ ಮುದುಕನ್ನ ಯಾರು ಇಟ್ಕೋತಾರೆ? ನಿನಗೆ ಕಾಲೇಜಿದೆ. ನನಗೆ ಇದು ಬಿಟ್ರೆ ಬೇರೆ ಇಲ್ಲ. ಮನೇಲಿ ನನ್ನ ಮಾತಿಗೆ ಉತ್ತರ ಕೊಡೋದು ಕುಕ್ಕರ್ ಒಂದೇ. ಅದೂ ಸೀಟಿ ಹೊಡೆದು ಸುಮ್ಮನಾಗುತ್ತೆ.

ನಾದಿನಿಗೆ ಅಕ್ಕ ಹೇಳಿದ್ದು ನೆನಪಾಯಿತು: ಪಾಠವಿಲ್ಲದ ದಿನವೂ ಈ ಮನುಷ್ಯ ಬೆಳಗ್ಗೆದ್ದು ಬೂಟಿಗೆ ಪಾಲಿಶ್ ಹಾಕಿ, ಹಾಕಿಕೊಂಡು, ಹಜಾರದಲ್ಲಿ ಪೇಪರು ಓದುತ್ತಾರಂತೆ. ಆಗ ಅಕ್ಕ ತಂಗಿ ಇಬ್ಬರೂ ಸೇರಿ ನಕ್ಕಿದ್ದರು. ಈಗ ನಗು ಬರಲಿಲ್ಲ.

ನಾದಿನಿ: ಕಾಲೇಜಿನ ವಿಷಯ ಹೇಳ್ಬೇಡಿ. ಅಲ್ಲಿ ನನ್ನ ಮಾತು ಬರ್ಕೊಳ್ತಾರೆ, ಆಕಳಿಸ್ತಾರೆ, ಹೋಗ್ತಾರೆ. ನಾನು ಹೇಳಿದ್ದನ್ನ ಒಬ್ಬರು ಮಾಡಿದ್ದು ನನ್ನ ಜನ್ಮದಲ್ಲಿ ಇವತ್ತೇ ನೋಡಿದ್ದು. ಅದೂ ನನ್ನ ಮೇಲೇ ಮಾಡಿದ್ದು.

ಭಾವ: ಚೆನ್ನಾಗೇ ಮಾಡಿದಳು. ನಾನು ಬಾಯಿ ಬಿಟ್ಟು ಇಷ್ಟು ಮಾತಾಡಿದ್ದು ನಿನ್ನ ಅಕ್ಕನ ಹತ್ತಿರಾನೂ ಇಲ್ಲ.

ಹನ್ನೊಂದಕ್ಕೆ ನಿರ್ದೇಶಕರು ಬಂದರು. ಸಣ್ಣ ದೇಹದ, ನಿಧಾನದ ಮನುಷ್ಯ. ಬಾಗಿಲ ಕಂಬಿಗಳ ನಡುವಿನಿಂದ ಇಬ್ಬರು ತಜ್ಞರನ್ನೂ ಒಮ್ಮೆ ನೋಡಿದರು. ಹುಡುಗಿ ಸೆಲ್ಯೂಟ್ ಹೊಡೆದು ನಡೆದದ್ದನ್ನೆಲ್ಲ ಒಪ್ಪಿಸಿದಳು, ಎದೆನೋವಿನ ಪ್ರಕರಣವನ್ನೂ ಬಿಡಲಿಲ್ಲ. ನಿರ್ದೇಶಕರ ತುಟಿ ಬಿಗಿಯಾಯಿತು. ಕೀಲಿ ಹೊರಗಿಟ್ಟು ಲಾಕಪ್ಪಿನ ಬಾಗಿಲು ಎಳೆದುಕೊಳ್ಳುವವರು ನಾಳೆ ಠಾಣೆ ನಡೆಸುವವರಿಗೆ ಏನು ಕಲಿಸುತ್ತಾರೆ ಎಂದು ಕೇಳಿದರು. ಯಾರನ್ನು ಕೈಬಿಡಬೇಕೆಂದು ತಿಳಿಯಲು ಇನ್ನು ಪಾಠ ನೋಡುವ ಅಗತ್ಯವೇ ಇಲ್ಲ ಎಂದರು.

ನಿರ್ದೇಶಕರು: ಎಳೆದವರು ಯಾರು? ಅವರು ಮುಂದಿನ ವರ್ಷಕ್ಕೆ ಬೇಡ.

ಭಾವ ಎದ್ದು ಅಂಗಿ ಸರಿಮಾಡಿಕೊಂಡರು.

ಭಾವ: ನಾನು.

ನಾದಿನಿ: ಅಲ್ಲ, ನಾನು.

ಭಾವ: ಸುಳ್ಳು. ಅವಳು ಮೊದಲೇ ಬಂದು ಕೂತಿದ್ದಳು. ಮೊದಲು ಬಂದವಳು ಹೇಗೆ ಎಳೀತಾಳೆ?

ನಾದಿನಿ: ನಾನು ಬರದೇ ಇದ್ದಿದ್ರೆ ಇವರು ಬರ್ತಿದ್ರಾ? ಮೂಲಕ್ಕೆ ಹೋಗಿ. ತನಿಖೆ ಅಂದ್ರೆ ಅದು.

ಇನ್ಸ್‌ಪೆಕ್ಟರ್: ಇನ್ನೂ ಎರಡೇ ಕಥೆ ಸರ್.

ನಿರ್ದೇಶಕರು ಹುಡುಗಿಯ ಕುರ್ಚಿಯಲ್ಲಿ ಕೂತುಬಿಟ್ಟರು. ಇಷ್ಟು ಹೊತ್ತು ನಿನಗೆ ಬಾಗಿಲು ತೆಗೆಯಬೇಕು ಅನಿಸಲಿಲ್ಲವೇ ಎಂದು ಅವಳನ್ನು ಕೇಳಿದರು. ಅನಿಸಿತು, ಆದರೆ ಸಾಹೇಬರ ಪಾಠ ಬಿಡಲಿಲ್ಲ ಎಂದಳು. ಹಾಗಾದರೆ ಬಿಟ್ಟು ಹೊರಗೆ ಹೋಗಿ ಕೂರಬಹುದಿತ್ತಲ್ಲ ಎಂದರು. ಅದಕ್ಕೆ ಮೇಡಮ್ಮಿನ ಪಾಠ ಬಿಡಲಿಲ್ಲ ಎಂದಳು. ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ನಿರ್ದೇಶಕರು: ಇವರಲ್ಲಿ ಒಬ್ಬರನ್ನ ಕಳಿಸಿದ್ರೆ ನಿನ್ನಂಥೋರು ಅರ್ಧ ತಯಾರಾಗ್ತಾರೆ. ಒಬ್ಬರು ಸಾಕು ಅಂದವರಿಗೆ ನಾನೇ ಹೇಳ್ಕೋತೀನಿ. ಇಬ್ಬರೂ ಇರಲಿ. ಈಗ ಬಾಗಿಲು ತೆಗಿ.

ಇನ್ಸ್‌ಪೆಕ್ಟರ್: ಆಗಲ್ಲ ಸರ್. ಇಬ್ಬರೂ ಒಂದೇ ಮಾತು ಹೇಳ್ಬೇಕು.

ನಿರ್ದೇಶಕರು ಆಜ್ಞೆ ಮಾಡಲು ಬಾಯಿ ತೆರೆದರು. ಹುಡುಗಿಯ ಮುಖ ನೋಡಿ ಮುಚ್ಚಿಕೊಂಡರು.

ಲಾಕಪ್ಪಿನೊಳಗೆ ಗುಸುಗುಸು ಶುರುವಾಯಿತು. ಅಕ್ಕನ ಮದುವೆ ಮನೆಯಲ್ಲಿ ಮೊದಲ ಸಲ ಮುಖಾಮುಖಿಯಾದಂದಿನಿಂದ ಆ ಇಬ್ಬರೂ ತಲೆಗೆ ತಲೆ ಕೊಟ್ಟು ಒಂದು ನಿರ್ಧಾರ ಮಾಡಿದ್ದನ್ನು ಕಂಡವರಿಲ್ಲ. ಆಮೇಲೆ ಜೋಡಿಯಾಗಿ ಬಾಗಿಲ ಬಳಿ ಬಂದು ನಿಂತು, ಶಾಲೆಯ ಮಕ್ಕಳ ಹಾಗೆ ಒಟ್ಟಿಗೆ ಒಪ್ಪಿಸಿದರು.

ಇಬ್ಬರೂ: ಗಾಳಿಗೆ ಹಾಕ್ಕೊಳ್ತು.

ನಿರ್ದೇಶಕರು ನಾಲ್ಕೂ ಗೋಡೆ ನೋಡಿದರು. ಆ ಕೋಣೆಗೆ ಒಂದು ಕಿಟಕಿಯೂ ಇರಲಿಲ್ಲ, ಫ್ಯಾನು ಕೆಟ್ಟು ಎಷ್ಟೋ ಕಾಲವಾಗಿತ್ತು. ಹುಡುಗಿಯೂ ನೋಡಿದಳು. ನೋಡಿ, ಜೇಬಿನಿಂದ ಕೀಲಿ ತೆಗೆದು ಬಾಗಿಲಿಗೆ ಹಾಕಿದಳು.

ನಿರ್ದೇಶಕರು: ಇದನ್ನ ನಂಬಿದೆಯೇನಮ್ಮ?

ಇನ್ಸ್‌ಪೆಕ್ಟರ್: ಸುಳ್ಳೇ ಸರ್. ಆದ್ರೆ ಇಬ್ಬರದೂ ಒಂದೇ.